ಮೈಸೂರಿನಲ್ಲಿ ಮುಂದೆ ಬರುವ ನಾಟಕಗಳ ಸುದ್ದಿ ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ: ಮಂಡ್ಯದ ಕನ್ನಡ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನೋಡಲೇಬೇಕೆಂದು ಆಸೆಪಟ್ಟಿದ್ದ ಮೂರು ನಾಟಕಗಳು ಕಳೆದ ಒಂದು ವರ್ಷದಲ್ಲಿ ಮೈಸೂರಿನಲ್ಲಿ ಆಗಿಹೋದವು. ಮೂರರ ಸುದ್ದಿಯೂ ನನಗೆ ಸಿಕ್ಕಿದ್ದು ಪ್ರದರ್ಶನ ಮುಗಿದ ಮರುದಿನದ ಪತ್ರಿಕೆಯಲ್ಲಿ. ಸಿನಿಮಾ ಆದರೆ ಮುಂದಿನ ವಾರ ಹೋಗಿ ನೋಡಬಹುದು. ನಾಟಕ ಹಾಗಲ್ಲ, ಆ ಸಂಜೆ ತಪ್ಪಿದರೆ ತಪ್ಪಿದ್ದೇ. ಮತ್ತೆ ಯಾವಾಗ ಆಡುತ್ತಾರೆ, ಆಡುತ್ತಾರೋ ಇಲ್ಲವೋ ಎಂದು ಯಾರನ್ನು ಕೇಳಬೇಕೆಂಬುದೂ ನಮ್ಮಂತಹ ಹೊರಗಿನವರಿಗೆ ತಿಳಿಯುವುದಿಲ್ಲ.

ನಮ್ಮ ಮನೆಯಲ್ಲಿ ನಾಟಕಕ್ಕೆ ಹೊರಡುವವರು ಮೂವರು. ಮಾವನವರಿಗೆ ಈಗ 74 ವರ್ಷ. ಹರೆಯದಲ್ಲಿ ಊರಿನವರು ಆಡಿದ ಕುರುಕ್ಷೇತ್ರ ನಾಟಕದಲ್ಲಿ ಮೂರು ಬಾರಿ ಭೀಮನ ಪಾತ್ರ ಮಾಡಿದವರು. ಹಬ್ಬದ ದಿನ ಊಟವಾಗಿ ಜಗುಲಿಯ ಮೇಲೆ ಕುಳಿತರೆಂದರೆ ಇವತ್ತಿಗೂ ಒಂದೆರಡು ಕಂದಪದ್ಯಗಳನ್ನು ತಾವಾಗಿಯೇ ಹಾಡುತ್ತಾರೆ, ಶ್ರುತಿ ಸ್ವಲ್ಪವೂ ಜಾರುವುದಿಲ್ಲ. ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಬೇಸಿಗೆ ಶಿಬಿರವೊಂದರಲ್ಲಿ ಒಂದು ಸಣ್ಣ ಪಾತ್ರ ಮಾಡಿದ ಮೇಲೆ ಅವಳಿಗೂ ರಂಗದ ರುಚಿ ಹತ್ತಿದೆ. ಇವರಿಬ್ಬರನ್ನೂ ಒಂದೇ ನಾಟಕಕ್ಕೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕೆಂಬುದು ನನ್ನ ಬಹಳ ದಿನಗಳ ಆಸೆ.

ಆದ್ದರಿಂದ ಕೇಳುತ್ತಿದ್ದೇನೆ. ಈ ಕಾರ್ತಿಕದಿಂದ ಯುಗಾದಿಯವರೆಗೆ ಮೈಸೂರಿನಲ್ಲಿ ಯಾವ ಬಗೆಯ ನಾಟಕಗಳನ್ನು ನಿರೀಕ್ಷಿಸಬಹುದು, ಅವುಗಳ ದಿನಾಂಕ ಸ್ಥಳಗಳನ್ನು ಒಂದು ವಾರವಾದರೂ ಮೊದಲೇ ತಿಳಿದುಕೊಳ್ಳುವ ದಾರಿ ಯಾವುದು, ನಾಟಕ ಮುಗಿಸಿಕೊಂಡು ಅದೇ ರಾತ್ರಿ ಮಂಡ್ಯಕ್ಕೆ ಮರಳಲು ಹೊತ್ತು ಸಾಕಾಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು. ಇನ್ನೊಂದು ವಿಷಯವೂ ಇದೆ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಒಬ್ಬರೂ ರಂಗಮಂದಿರದೊಳಗೆ ಕುಳಿತು ನಾಟಕ ನೋಡಿಲ್ಲ. ಪಠ್ಯದಲ್ಲಿರುವ ನಾಟಕದ ಭಾಗವನ್ನು ಅವರು ಪ್ರಶ್ನೋತ್ತರಕ್ಕೆಂದು ಓದುತ್ತಾರೆಯೇ ಹೊರತು ಅದನ್ನು ಯಾರೋ ನಿಂತು ಆಡುತ್ತಾರೆಂಬುದು ಅವರ ಕಣ್ಣಿಗೆ ಕಟ್ಟುವುದಿಲ್ಲ. ಅವರನ್ನು ಕರೆತರುವುದಾದರೆ ಯಾರೊಡನೆ ಮಾತನಾಡಬೇಕು?


ಉತ್ತರ: ಕುವೆಂಪುನಗರದ ಹವ್ಯಾಸಿ ನಟ

ಮೇಡಂ, ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ತಪ್ಪು ನಮ್ಮ ಕಡೆಯದು. ಹದಿನೆಂಟು ವರ್ಷಗಳಿಂದ ಮೈಸೂರಿನ ಒಂದು ಹವ್ಯಾಸಿ ತಂಡದಲ್ಲಿದ್ದೇನೆ. ಎರಡು ಮೂರು ತಿಂಗಳು ತಾಲೀಮು ಮಾಡುವ ನಾವು, ಆಡುವ ಸುದ್ದಿಯನ್ನು ಜನರಿಗೆ ಮುಟ್ಟಿಸುವ ಕೆಲಸಕ್ಕೆ ಕೊನೆಯ ನಾಲ್ಕು ದಿನಗಳನ್ನೂ ಸರಿಯಾಗಿ ಕೊಡುವುದಿಲ್ಲ.

ಮೊದಲು ಸುಲಭವಾದದ್ದನ್ನು ಹೇಳುತ್ತೇನೆ. ಹುಣಸೂರು ರಸ್ತೆಯ ಕಲಾಮಂದಿರದ ಆವರಣವನ್ನು ನೀವು ಒಮ್ಮೆ ನೋಡಿಕೊಂಡರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಕಲಾಮಂದಿರದ ದೊಡ್ಡ ಸಭಾಂಗಣ, ಅದರ ಕಿರುರಂಗಮಂದಿರ, ರಂಗಾಯಣದ ಭೂಮಿಗೀತ ಮತ್ತು ಬಯಲಿನಲ್ಲಿರುವ ವನರಂಗ, ಇವೆಲ್ಲವೂ ಒಂದೇ ಆವರಣದಲ್ಲಿವೆ. ಮೈಸೂರಿನ ಆಧುನಿಕ ನಾಟಕಗಳಲ್ಲಿ ಬಹುಪಾಲು ನಡೆಯುವುದು ಇಲ್ಲಿಯೇ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ರಂಗಾಯಣವು ಸರ್ಕಾರದ ರೆಪರ್ಟರಿ, ಅಂದರೆ ಕಾಯಂ ನಾಟಕ ತಂಡ. ಅಲ್ಲಿ ಸಂಬಳ ಪಡೆಯುವ ಕಲಾವಿದರು ಇದ್ದಾರೆ, ವಾರಾಂತ್ಯದ ನಾಟಕಗಳ ಪದ್ಧತಿಯೂ ಇದೆ. ಹೀಗಾಗಿ ರಂಗಾಯಣದ ನಾಟಕ ಒಂದು ವಾರ ತಪ್ಪಿದರೂ ಮತ್ತೆ ಸಿಗುವ ಸಂಭವ ಹೆಚ್ಚು. ಪ್ರದರ್ಶನಗಳು ಸಾಮಾನ್ಯವಾಗಿ ಸಂಜೆ ಆರೂವರೆಯ ಹೊತ್ತಿಗೆ ಆರಂಭವಾಗುತ್ತವೆ.

ನೀವು ಕೇಳಿದ ಅವಧಿ ಮೈಸೂರಿನ ರಂಗಭೂಮಿಗೆ ವರ್ಷದಲ್ಲೇ ಸಮೃದ್ಧವಾದ ಕಾಲ. ದಸರಾ ಮುಗಿದು ಮಳೆ ನಿಂತ ಮೇಲೆ ತಂಡಗಳು ಹೊಸ ನಾಟಕಗಳನ್ನು ಕೈಗೆತ್ತಿಕೊಳ್ಳುತ್ತವೆ. ರಂಗಾಯಣದ ಬಹುರೂಪಿ ರಾಷ್ಟ್ರೀಯ ನಾಟಕೋತ್ಸವವು ಹೆಚ್ಚಾಗಿ ಜನವರಿಯ ಆಸುಪಾಸಿನಲ್ಲಿ ನಡೆಯುತ್ತದೆ, ಮಾರ್ಚ್ ತಿಂಗಳಿಗೆ ಹೋದ ವರ್ಷಗಳೂ ಉಂಟು. ಕನ್ನಡದ ಜೊತೆಗೆ ಬೇರೆ ರಾಜ್ಯಗಳ ನಾಟಕಗಳು, ರಂಗಾಯಣದ ಕಿಂದರಿಜೋಗಿ ಆವರಣದಲ್ಲಿ ಜಾನಪದ ಪ್ರದರ್ಶನಗಳು, ಪುಸ್ತಕ ಮತ್ತು ತಿಂಡಿಯ ಮಳಿಗೆಗಳು ಎಲ್ಲವೂ ಇರುವುದರಿಂದ ನಿಮ್ಮ ಮಗಳಿಗೆ ಒಂದು ಇಡೀ ದಿನ ಸಾಲದು. ಮಾರ್ಚ್ 27 ವಿಶ್ವ ರಂಗಭೂಮಿ ದಿನ. ಅದರ ಸುತ್ತಮುತ್ತ ಅನೇಕ ತಂಡಗಳು ಏನಾದರೊಂದು ಪ್ರದರ್ಶನ ಇಟ್ಟುಕೊಳ್ಳುತ್ತವೆ. ಹೆಗ್ಗೋಡಿನ ನೀನಾಸಂ ಸಂಸ್ಥೆಯ ತಿರುಗಾಟ ಎಂಬ ಸಂಚಾರಿ ನಾಟಕ ತಂಡವು 1985ರಿಂದ ಊರೂರು ಸುತ್ತುತ್ತಿದೆ, ಸಾಣೇಹಳ್ಳಿಯ ಶಿವಸಂಚಾರವೂ ಹಾಗೆಯೇ ಸಂಚಾರದಲ್ಲಿರುತ್ತದೆ. ಇವುಗಳನ್ನು ಸ್ಥಳೀಯ ಸಂಘಗಳು ಆಹ್ವಾನಿಸಿ ಆಡಿಸುತ್ತವೆಯಾದ್ದರಿಂದ ಮೈಸೂರಿನಲ್ಲಿ ತಪ್ಪಿದ್ದು ನಿಮ್ಮ ಜಿಲ್ಲೆಯ ಯಾವುದಾದರೂ ಊರಿನಲ್ಲಿಯೇ ಸಿಗಬಹುದು. ರಾಮಕೃಷ್ಣನಗರದಲ್ಲಿ ನಟ ಮಂಡ್ಯ ರಮೇಶ್ ಅವರು ಕಟ್ಟಿದ ನಟನ ರಂಗಶಾಲೆಗೆ ತನ್ನದೇ ರಂಗಮಂದಿರವಿದೆ. ಅಲ್ಲಿ ರಂಗಶಾಲೆಯ ವಿದ್ಯಾರ್ಥಿಗಳೂ ಹೊರಗಿನ ತಂಡಗಳೂ ಆಡುತ್ತಾರೆ. ಏಪ್ರಿಲ್ ಮೇ ಬಂತೆಂದರೆ ಮಕ್ಕಳ ಶಿಬಿರಗಳ ಕೊನೆಯ ದಿನದ ನಾಟಕಗಳ ಸುಗ್ಗಿ. ಅವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ನಮ್ಮಂತಹ ಹವ್ಯಾಸಿಗಳ ವಿಷಯ. ಇಲ್ಲಿಯೇ ನಿಮ್ಮ ತೊಂದರೆಯ ಬೇರು ಇರುವುದು. ಮೈಸೂರಿನಲ್ಲಿ ಹವ್ಯಾಸಿ ರಂಗಭೂಮಿ ಬಡಾವಣೆಯ ಗೆಳೆಯರ ಗುಂಪುಗಳಿಂದ ಬೆಳೆದದ್ದು. ಹಳೆಯ ತಂಡವಾದ ಸಮತೆಂತೋ ಎಂಬುದರ ಹೆಸರೇ ಸರಸ್ವತಿಪುರಂ ಮಧ್ಯದ ತೆಂಗಿನ ತೋಪು ಎಂಬುದರ ಮೊದಲಕ್ಷರಗಳಿಂದ ಆದದ್ದು. ಗೆಳೆಯರು ಸೇರುತ್ತಿದ್ದ ತೋಪೇ ತಂಡದ ಹೆಸರಾಗಿ ಉಳಿಯಿತೆಂಬುದನ್ನು ಹೊಸಬರಿಗೆ ಹೇಳುವಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ. ಇಂದಿಗೂ ನಮ್ಮ ತಂಡದಲ್ಲಿ ಬ್ಯಾಂಕಿನವರು, ಉಪನ್ಯಾಸಕರು, ಹಾಲಿನ ಬೂತು ನಡೆಸುವವರು, ಕಾಲೇಜು ಹುಡುಗಿಯರು ಇದ್ದಾರೆ. ಸಂಜೆ ಏಳಕ್ಕೆ ತಾಲೀಮು ಎಂದರೆ ಎಲ್ಲರೂ ಸೇರುವಾಗ ಏಳೂ ಮುಕ್ಕಾಲು. ಮುಖ್ಯ ಪಾತ್ರಧಾರಿಗೆ ವರ್ಗವಾದರೆ, ಯಾರದಾದರೂ ಮನೆಯಲ್ಲಿ ಮದುವೆ ಬಂದರೆ, ಕೇಳಿದ ದಿನ ಸಭಾಂಗಣ ಬೇರೆ ಕಾರ್ಯಕ್ರಮಕ್ಕೆ ಹೋಗಿದ್ದರೆ ಪ್ರದರ್ಶನ ಮುಂದಕ್ಕೆ ಹೋಗುತ್ತದೆ. ಸಭಾಂಗಣದ ಬಾಡಿಗೆ, ಬೆಳಕು, ರಂಗಸಜ್ಜಿಕೆ, ಪ್ರಸಾಧನ ಇವಕ್ಕೆ ಹಣ ಹೊಂದಿಸಿ ದಿನಾಂಕ ಖಚಿತವಾಗುವ ಹೊತ್ತಿಗೆ ನಾಟಕಕ್ಕೆ ಹದಿನೈದು ದಿನ ಉಳಿದಿದ್ದರೆ ಹೆಚ್ಚು. ಆಮೇಲೆ ಪತ್ರಿಕೆಗಳಿಗೆ ಒಂದು ಪ್ರಕಟಣೆ ಕೊಡುತ್ತೇವೆ, ನಮ್ಮ ನಮ್ಮ ಮೊಬೈಲಿನಲ್ಲಿರುವವರಿಗೆ ಪೋಸ್ಟರ್ ಕಳುಹಿಸುತ್ತೇವೆ. ಹಾಗಾಗಿ ಸುದ್ದಿಯು ಈಗಾಗಲೇ ನಾಟಕ ನೋಡುತ್ತಿರುವ ಮುನ್ನೂರು ನಾನೂರು ಜನರಲ್ಲೇ ಸುತ್ತುತ್ತದೆ, ನಿಮ್ಮವರೆಗೆ ಬರುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಯಾವುದಾದರೂ ಒಂದು ನಾಟಕಕ್ಕೆ ಬನ್ನಿ. ಮುಗಿದ ಮೇಲೆ ಟಿಕೆಟ್ ಮೇಜಿನ ಬಳಿ ಹೋಗಿ ನಿಮ್ಮ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳಲು ಹೇಳಿ, ಬೇರೆ ತಂಡಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ಸೇರಿಸುವಂತೆ ಕೇಳಿಕೊಳ್ಳಿ. ನಟರು ಒಂದು ತಂಡದಿಂದ ಇನ್ನೊಂದಕ್ಕೆ ಹೋಗಿ ಬಂದು ಮಾಡುವುದರಿಂದ ಒಬ್ಬರ ಪರಿಚಯವಾದರೆ ಹತ್ತು ತಂಡಗಳ ಸುದ್ದಿ ತಾನಾಗಿ ಬರುತ್ತದೆ. ಅಂದಿನ ಕಾರ್ಯಕ್ರಮಗಳಿಗೆ ಆಂದೋಲನ, ಮೈಸೂರು ಮಿತ್ರ ಮುಂತಾದ ಮೈಸೂರಿನ ಪತ್ರಿಕೆಗಳನ್ನು ನೋಡಬಹುದು, ಆದರೆ ಬೆಳಿಗ್ಗೆ ಓದಿ ಸಂಜೆಗೆ ಮಂಡ್ಯದಿಂದ ಹೊರಡುವುದು ನಿಮಗೆ ಕಷ್ಟವಾದೀತು.

ಒಂದು ಪ್ರಾರ್ಥನೆಯೂ ಇದೆ. ಸಾಧ್ಯವಾದರೆ ಎರಡನೆಯ ಪ್ರದರ್ಶನಕ್ಕೆ ಬನ್ನಿ. ಮೊದಲ ದಿನ ನಮ್ಮ ಬಂಧುಗಳು, ಸ್ನೇಹಿತರು, ಸಹೋದ್ಯೋಗಿಗಳು ಬಂದು ಕುರ್ಚಿಗಳು ತುಂಬುತ್ತವೆ. ಎರಡನೆಯ ದಿನ ಮೂವತ್ತು ನಲವತ್ತು ಜನರ ಮುಂದೆ ಆಡುತ್ತೇವೆ, ಮೂರನೆಯದು ನಡೆಯುವುದೇ ಇಲ್ಲ. ನಾಟಕವೊಂದು ಹದಕ್ಕೆ ಬರುವುದು ನಾಲ್ಕೈದು ಪ್ರದರ್ಶನಗಳಾದ ಮೇಲೆ. ಎಲ್ಲಿ ಮೌನ ಬೇಕು, ಯಾವ ಮಾತು ನಗು ತರುತ್ತದೆ ಎಂಬುದನ್ನು ಪ್ರೇಕ್ಷಕರೇ ನಮಗೆ ಕಲಿಸಬೇಕು. ಹದಿನೆಂಟು ವರ್ಷಗಳಲ್ಲಿ ಹನ್ನೊಂದು ನಾಟಕ ಮಾಡಿದ್ದೇನೆ. ಐದನೆಯ ಪ್ರದರ್ಶನದವರೆಗೆ ಬದುಕಿದವು ಎರಡು ಮಾತ್ರ.


ಉತ್ತರ: ಪಾಂಡವಪುರ ತಾಲ್ಲೂಕಿನ ರೈತ

ಮೇಲಿನ ಅಣ್ಣನವರು ವಿವರವಾಗಿ ಬರೆದಿದ್ದಾರೆ, ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಮಂಡ್ಯದಲ್ಲಿರುವ ಅಧ್ಯಾಪಕಿಯವರು ನಾಟಕಕ್ಕಾಗಿ ಮೈಸೂರನ್ನೇ ಏಕೆ ನೋಡಬೇಕು ಎಂಬುದು ನನ್ನ ಪ್ರಶ್ನೆ. ಮಂಡ್ಯ ಜಿಲ್ಲೆಯಲ್ಲಿ ನಾಟಕಗಳು ನಡೆಯುವಷ್ಟು ಬೇರೆಡೆ ನಡೆಯುವುದು ಅಪರೂಪ. ಅವು ಪತ್ರಿಕೆಯ ರಂಗಭೂಮಿಯ ಪುಟಕ್ಕೆ ಬಾರದಿರುವುದರಿಂದ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಮೇಡಂ ಅವರ ಮಾವನವರು ಭೀಮನ ಪಾತ್ರ ಮಾಡಿದವರೆಂದು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ನಾನೂ ನಮ್ಮೂರಿನ ಕುರುಕ್ಷೇತ್ರದಲ್ಲಿ ಎರಡು ಬಾರಿ ವಿದುರನಾಗಿ, ಒಮ್ಮೆ ಕರ್ಣನಾಗಿ ನಿಂತವನು.

ಮಂಡ್ಯ ನಗರದಲ್ಲಿಯೇ ಕಲಾಮಂದಿರವಿದೆ. ಅಲ್ಲಿ ಪೌರಾಣಿಕ ನಾಟಕಗಳು ವರ್ಷದಲ್ಲಿ ಹಲವು ಬಾರಿ ನಡೆಯುತ್ತವೆ. ಕರ್ನಾಟಕ ಸಂಘದ ಕೆ.ವಿ. ಶಂಕರಗೌಡ ಶತಮಾನೋತ್ಸವ ಭವನದಲ್ಲಿಯೂ ಸಾಂಸ್ಕೃತಿಕ ಕಾರ್ಯಕ್ರಮಗಳು ಇರುತ್ತವೆ. ನಿತ್ಯಸಚಿವರೆಂದು ನಮ್ಮ ಜಿಲ್ಲೆಯ ಜನ ಕರೆಯುತ್ತಿದ್ದ ಶಂಕರಗೌಡರು ಸ್ವತಃ ನಾಟಕದ ಮನುಷ್ಯರು. ಹಾಗಾಗಿ ರಂಗಭೂಮಿಯು ನಮ್ಮಲ್ಲಿಗೆ ಮೈಸೂರಿನಿಂದ ಸಾಲವಾಗಿ ಬಂದದ್ದಲ್ಲ. ಇನ್ನು ಹಳ್ಳಿಗಳಲ್ಲಿ ಸುಗ್ಗಿಯ ಕೆಲಸ ಮುಗಿದು ಸಂಕ್ರಾಂತಿ ಕಳೆದ ಮೇಲೆ, ಊರ ಹಬ್ಬ ಜಾತ್ರೆಗಳ ಕಾಲದಲ್ಲಿ ಕುರುಕ್ಷೇತ್ರ, ದಕ್ಷಯಜ್ಞ, ಸಂಪೂರ್ಣ ರಾಮಾಯಣ, ರಾಜಾ ವಿಕ್ರಮ, ಇವುಗಳಲ್ಲಿ ಒಂದಿಲ್ಲೊಂದು ನಾಟಕ ಸುತ್ತಲ ಯಾವುದಾದರೂ ಊರಿನಲ್ಲಿ ಇದ್ದೇ ಇರುತ್ತದೆ. ಸುದ್ದಿ ತಿಳಿಯಲು ಯಾವ ಗುಂಪಿಗೂ ಸೇರಬೇಕಾಗಿಲ್ಲ. ಊರಿನ ವೃತ್ತದಲ್ಲಿ, ಬಸ್ ನಿಲ್ದಾಣದಲ್ಲಿ ಪಾತ್ರಧಾರಿಗಳ ಭಾವಚಿತ್ರಗಳಿರುವ ಫ್ಲೆಕ್ಸ್ ಕಟ್ಟಿರುತ್ತಾರೆ, ಕರಪತ್ರ ಮನೆಗೇ ಬರುತ್ತದೆ. ಇನ್ನೂ ಮೊದಲೇ ತಿಳಿಯಬೇಕೆಂದರೆ ನಾಟಕದ ಮೇಷ್ಟ್ರನ್ನು ಕೇಳಬೇಕು. ಒಬ್ಬ ಹಾರ್ಮೋನಿಯಂ ಮೇಷ್ಟ್ರು ಒಂದೇ ಸಮಯದಲ್ಲಿ ಮೂರು ನಾಲ್ಕು ಊರುಗಳಲ್ಲಿ ಕಲಿಸುತ್ತಿರುತ್ತಾರೆ. ಯಾವ ಊರಿನ ನಾಟಕ ಯಾವ ದಿನ ನಡೆಯುತ್ತದೆಂಬುದು ಅವರಿಗೆ ಎರಡು ತಿಂಗಳು ಮೊದಲೇ ಗೊತ್ತು. ಸೀನರಿ ಬಾಡಿಗೆಗೆ ಕೊಡುವವರಿಗೂ ಗೊತ್ತು, ಏಕೆಂದರೆ ಮುಂಗಡ ಹಣ ಕೊಟ್ಟು ದಿನ ಹಿಡಿಯುವುದು ಅವರ ಬಳಿಯೇ.

ನಮ್ಮ ಪದ್ಧತಿಯಲ್ಲಿ ಪಾತ್ರ ಮಾಡುವವರೇ ಹಣ ಕಟ್ಟುತ್ತಾರೆಂಬುದು ಪೇಟೆಯವರಿಗೆ ಆಶ್ಚರ್ಯವೆನಿಸಬಹುದು. ಪಾತ್ರ ಹಂಚುವ ದಿನ ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸೈನಿಕನಿಗೆ ಇಷ್ಟು ಎಂದು ಗೊತ್ತುಮಾಡುತ್ತಾರೆ. ಆ ಹಣದಿಂದಲೇ ಮೇಷ್ಟ್ರ ಸಂಭಾವನೆ, ಸೀನರಿ, ವೇಷಭೂಷಣ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಖರ್ಚು ಎಲ್ಲ ಆಗಬೇಕು. ನಾನು ಕರ್ಣನ ಪಾತ್ರಕ್ಕೆ ಹಣ ಕಟ್ಟಿದ್ದು ಕಬ್ಬಿನ ದುಡ್ಡು ಕೈಗೆ ಬರುವ ಮೊದಲೇ, ಸಾಲ ಮಾಡಿ. ಮನೆಯಲ್ಲಿ ಅದಕ್ಕಾಗಿ ಮಾತು ಬಂತು. ಆದರೆ ಕುಂತಿ ಕರ್ಣನ ಭೇಟಿಯ ದೃಶ್ಯ ಮುಗಿದಾಗ ಬೆಳಗಿನ ಜಾವ ಮೂರು ಗಂಟೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ರಂಗದ ಮೇಲಿನಿಂದಲೇ ಕಂಡೆ. ಆ ಸಾಲದ ಬಗ್ಗೆ ಅವರು ಮತ್ತೆಂದೂ ಮಾತೆತ್ತಲಿಲ್ಲ.

ಮೇಡಂ, ಮಾವನವರನ್ನು ಮೊದಲು ಇಂತಹ ಒಂದು ನಾಟಕಕ್ಕೆ ಕರೆದುಕೊಂಡು ಹೋಗಿ. ಮೊಮ್ಮಗಳ ಪಕ್ಕದಲ್ಲಿ ಕುಳಿತು ಯಾವ ಕಂದ ಯಾವ ರಾಗದಲ್ಲಿದೆ, ಹಿಂದೆ ಅದನ್ನು ಹೇಗೆ ಹಾಡುತ್ತಿದ್ದರು ಎಂದು ಅವರು ಹೇಳಿಕೊಡಲಿ. ಪೇಟೆಯ ನಾಟಕಕ್ಕೆ ಆಮೇಲೆ ಹೋಗಬಹುದು.


ಉತ್ತರ: ಬೆಳಕಿನ ಕೆಲಸ ಮಾಡುವವಳು, ಮೈಸೂರು

ಇಬ್ಬರ ಮಾತುಗಳನ್ನೂ ಓದಿದೆ. ಹವ್ಯಾಸಿ ತಂಡಗಳಿಗೆ ಬೆಳಕಿನ ಸಹಾಯಕಿಯಾಗಿ ಏಳು ವರ್ಷಗಳಿಂದ ಕೆಲಸ ಮಾಡುತ್ತಿರುವ ನಾನು, ಇಲ್ಲಿಯವರೆಗೆ ಹೇಳದೆ ಉಳಿದ ಕೆಲವು ವಿಷಯಗಳನ್ನು ಮಾತ್ರ ಬರೆಯುತ್ತೇನೆ.

ಪಾಂಡವಪುರದ ಅಣ್ಣನವರು ಹಳ್ಳಿಯ ನಾಟಕ ಮತ್ತು ಪೇಟೆಯ ನಾಟಕ ಎಂದು ಬೇರೆ ಮಾಡಿದ್ದಾರೆ. ಆದರೆ 2010ರಲ್ಲಿ ರಂಗಾಯಣವು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಕ್ಕೆ ತಂದಾಗ ಅದು ಇಡೀ ರಾತ್ರಿ, ಸುಮಾರು ಒಂಬತ್ತು ಗಂಟೆಗಳ ಕಾಲ, ಒಂದೇ ಆವರಣದ ಬೇರೆ ಬೇರೆ ರಂಗಸ್ಥಳಗಳಲ್ಲಿ ನಡೆಯಿತು. ಪ್ರೇಕ್ಷಕರು ಚಾಪೆ ಹೊದಿಕೆಗಳೊಡನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು ಹೋಗಿ ಬೆಳಗಾಗುವವರೆಗೆ ನೋಡಿದರು. ಅಹೋರಾತ್ರಿ ನಾಟಕ ನೋಡುವ ಹಳ್ಳಿಯವರ ಅಭ್ಯಾಸ ಪೇಟೆಯವರಿಗೂ ಹಿಡಿಸಿತು ಎಂದೇ ನಾನು ತಿಳಿದಿದ್ದೇನೆ. ಆಗ ಕಾಲೇಜಿನಲ್ಲಿದ್ದ ನಾನು ಬೆಳಕಿನ ಕೆಲಸ ಕಲಿಯಬೇಕೆಂದು ತೀರ್ಮಾನಿಸಿದ್ದು ಆ ರಾತ್ರಿ. ಮರಗಳ ನಡುವಿನಿಂದ ಬಂದ ಬೆಳಕು ಯಾವುದು, ನಿಜವಾದ ಬೆಳಗಿನದು ಯಾವುದು ಎಂದು ಕೊನೆಯ ದೃಶ್ಯಗಳ ಹೊತ್ತಿಗೆ ನನಗೆ ತಿಳಿಯದೆ ಹೋಗಿತ್ತು.

ಮೇಡಂ, ಪ್ರಯಾಣದ ವಿಷಯ. ಕಲಾಮಂದಿರವು ಮೈಸೂರು ರೈಲು ನಿಲ್ದಾಣದಿಂದ ದೂರವೇನಿಲ್ಲ, ಆಟೊದಲ್ಲಿ ಹತ್ತು ನಿಮಿಷ ಸಾಕು. ಹವ್ಯಾಸಿ ತಂಡಗಳ ನಾಟಕ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಅತಿಥಿಗಳ ಭಾಷಣ, ಸನ್ಮಾನ ಇದ್ದ ದಿನ ಆರೂವರೆಯ ನಾಟಕ ಏಳೂಕಾಲಕ್ಕೆ ಆರಂಭವಾಗುವುದೂ ಉಂಟು. ಊರಿಗೆ ಮರಳಬೇಕಾದವರು ಪ್ರಕಟಣೆಯಲ್ಲಿ ಉದ್ಘಾಟನೆ ಎಂಬ ಪದ ಇದೆಯೇ ಎಂದು ಮೊದಲು ನೋಡಬೇಕು. ಇದೇ ಕಾರಣಕ್ಕೆ ನಾನೂ ಎರಡನೆಯ ದಿನದ ಪ್ರದರ್ಶನವನ್ನೇ ಹೇಳುತ್ತೇನೆ, ಅಂದು ವೇದಿಕೆ ಕಾರ್ಯಕ್ರಮ ಇರುವುದಿಲ್ಲ. ಭಾನುವಾರ ರಾತ್ರಿ ಬೆಂಗಳೂರಿಗೆ ಮರಳುವವರು ಹೆಚ್ಚಿರುವುದರಿಂದ ಬಸ್ಸಿನಲ್ಲಿ ಹಿರಿಯರಿಗೆ ಸೀಟು ಸಿಗುವಂತೆ ಮೊದಲೇ ಯೋಚಿಸಿಕೊಳ್ಳಿ. ವನರಂಗದಲ್ಲಿ ನಾಟಕವಿದ್ದರೆ ಅದು ಬಯಲು. ಡಿಸೆಂಬರ್ ಜನವರಿಯ ಚಳಿಗೆ ಮಾವನವರಿಗೆ ಶಾಲು, ಕಿವಿಗೆ ಮಫ್ಲರ್ ತಪ್ಪದೆ ಇರಲಿ. ಸೊಳ್ಳೆಯೂ ಇರುತ್ತದೆ.

ಮಕ್ಕಳನ್ನು ಕರೆತರುವ ವಿಚಾರ ನನಗೆ ಬಹಳ ಸಂತೋಷ ಕೊಟ್ಟಿತು. ತಂಡದವರಿಗೆ ಒಂದು ವಾರ ಮೊದಲು ತಿಳಿಸಿದರೆ ಶಾಲಾ ಮಕ್ಕಳಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಕೊಡುವವರೇ ಹೆಚ್ಚು. ಆದರೆ ನಾನು ಇನ್ನೊಂದು ಸಲಹೆ ಕೊಡುತ್ತೇನೆ. ಅವರನ್ನು ಪ್ರದರ್ಶನದ ದಿನ ಮಧ್ಯಾಹ್ನ ಮೂರು ಗಂಟೆಗೇ ಕರೆತನ್ನಿ. ಆಗ ನಾವು ಏಣಿ ಹತ್ತಿ ದೀಪಗಳನ್ನು ಕಟ್ಟುತ್ತಿರುತ್ತೇವೆ, ಯಾವ ದೀಪ ಯಾರ ಮುಖಕ್ಕೆ ಎಂದು ನೋಡಿಕೊಳ್ಳುತ್ತಿರುತ್ತೇವೆ. ನಟರು ಖಾಲಿ ಸಭಾಂಗಣದಲ್ಲಿ ದನಿ ಕೊನೆಯ ಸಾಲಿಗೆ ಮುಟ್ಟುತ್ತದೆಯೇ ಎಂದು ಪರೀಕ್ಷಿಸುತ್ತಿರುತ್ತಾರೆ. ಒಂದರ್ಧ ಗಂಟೆ ಅದನ್ನು ನೋಡಿದ ಮಕ್ಕಳು ಸಂಜೆ ನಾಟಕವನ್ನು ನೋಡುವ ರೀತಿಯೇ ಬೇರೆ. ಮೊಬೈಲ್ ತರುವ ಮಕ್ಕಳಿದ್ದರೆ ಅದನ್ನು ನೀವೇ ಇಟ್ಟುಕೊಳ್ಳಿ. ಕತ್ತಲೆಯ ದೃಶ್ಯವೊಂದನ್ನು ಹೊಂದಿಸಲು ನಾವು ಎರಡು ರಾತ್ರಿ ಕೂತಿರುತ್ತೇವೆ, ಮೂರನೆಯ ಸಾಲಿನಲ್ಲಿ ಒಂದು ಪರದೆ ಹೊಳೆದರೆ ಆ ಕತ್ತಲೆ ಮತ್ತೆ ಬರುವುದಿಲ್ಲ.

ಟಿಕೆಟ್ ಬಗ್ಗೆಯೂ ಹೇಳಬೇಕು. ಪರಿಚಯದವರಿದ್ದಾರೆಂದು ಪಾಸ್ ಕೇಳುವವರು ಮೈಸೂರಿನಲ್ಲಿ ಕಡಿಮೆಯಿಲ್ಲ. ದಯವಿಟ್ಟು ಹಣ ಕೊಟ್ಟು ಟಿಕೆಟ್ ಕೊಳ್ಳಿ. ಪಾಂಡವಪುರದವರು ಪಾತ್ರಕ್ಕೆ ತಾವೇ ಹಣ ಕಟ್ಟಿದ್ದನ್ನು ಬರೆದಿದ್ದಾರೆ. ಇಲ್ಲಿಯೂ ನಷ್ಟವಾದ ಹಣವನ್ನು ಕಡೆಗೆ ಕಟ್ಟುವವರು ನಟರೇ, ಅದನ್ನು ಫ್ಲೆಕ್ಸಿನಲ್ಲಿ ಬರೆಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.


ಉತ್ತರ: ಕುವೆಂಪುನಗರದ ಹವ್ಯಾಸಿ ನಟ

ಪಾಂಡವಪುರದ ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ. ಮಂಡ್ಯವನ್ನು ಬಿಟ್ಟು ಬರೆದದ್ದು ನನ್ನ ಲೋಪ. ನಮ್ಮ ತಂಡದಲ್ಲಿ ಹಾಡಬಲ್ಲ ನಟರ ಕೊರತೆ ಬಂದಾಗಲೆಲ್ಲ ನಾವು ಹುಡುಕಿಕೊಂಡು ಹೋಗುವುದು ಪೌರಾಣಿಕ ನಾಟಕ ಮಾಡಿದವರನ್ನೇ. ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸುವುದನ್ನು ಅವರಿಂದಲೇ ಕಲಿತಿದ್ದೇವೆ.

ನನ್ನ ಮೊದಲ ಪತ್ರದಲ್ಲಿ ನಮ್ಮ ತಂಡದ ಪ್ರಚಾರವಾದೀತೆಂದು ಹೇಳದೆ ಬಿಟ್ಟಿದ್ದೆ. ನಮ್ಮ ಹೊಸ ನಾಟಕ ಮುಂದಿನ ತಿಂಗಳ ಎರಡನೆಯ ಶನಿವಾರ ಮತ್ತು ಭಾನುವಾರ ಕಿರುರಂಗಮಂದಿರದಲ್ಲಿ ಇದೆ. ಕೆರೆಯ ತೂಬು ಎತ್ತುವ ನೀರುಗಂಟಿಯೊಬ್ಬನ ಕಥೆ. ನಮ್ಮಲ್ಲಿಯೇ ಒಬ್ಬರು ಬರೆದಿದ್ದಾರೆ. ಬರಗಾಲದ ವರ್ಷ ಯಾರ ಗದ್ದೆಗೆ ಎಷ್ಟು ನೀರು ಎಂದು ತೀರ್ಮಾನಿಸಬೇಕಾದ ಮನುಷ್ಯನ ಸ್ವಂತ ಗದ್ದೆಯೇ ಒಣಗುತ್ತಿರುತ್ತದೆ. ಮಂಡ್ಯದ ಕಡೆಯ ಹಿರಿಯರೊಬ್ಬರು ಅದನ್ನು ನೋಡಿ ಎಲ್ಲಿ ಸುಳ್ಳಾಗಿದೆ, ಎಲ್ಲಿ ನಿಜವಾಗಿದೆ ಎಂದು ಹೇಳಿದರೆ ನಮಗೆ ಅದಕ್ಕಿಂತ ಬೇರೆ ವಿಮರ್ಶೆ ಬೇಡ. ಪಾಂಡವಪುರದವರೂ ಬರಬೇಕು.


ಪ್ರಶ್ನೆ ಕೇಳಿದವರಿಂದ: ಮಂಡ್ಯದ ಕನ್ನಡ ಅಧ್ಯಾಪಕಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮಾವನವರಿಗೆ ಓದಿ ಹೇಳಿದೆ. ಕರ್ಣನ ಪಾತ್ರದ ವಿಷಯ ಬಂದಾಗ ಅವರು ಕೈಯೆತ್ತಿ ನಿಲ್ಲಿಸಿ, ಆ ಭಾಗವನ್ನು ಇನ್ನೊಮ್ಮೆ ಓದಿಸಿದರು. ತಾವು ಭೀಮನ ಪಾತ್ರಕ್ಕೆ ಕಟ್ಟಿದ ಹಣಕ್ಕಾಗಿ ಒಂದು ಎತ್ತನ್ನು ಮಾರಿದ್ದನ್ನು ಅವರು ನಮಗೆ ಹೇಳಿದ್ದು ಇದೇ ಮೊದಲು. ಅತ್ತೆಯವರಿಗೆ ಮಾತ್ರ ತಿಳಿದಿತ್ತಂತೆ.

ಹೀಗಾಗಿ ಎರಡನ್ನೂ ನೋಡುವುದೆಂದು ತೀರ್ಮಾನಿಸಿದ್ದೇವೆ. ಸಂಕ್ರಾಂತಿಯ ನಂತರ ನಮ್ಮ ಸುತ್ತಮುತ್ತ ಎಲ್ಲಿ ಕುರುಕ್ಷೇತ್ರ ಇದೆಯೆಂದು ಮಾವನವರೇ ತಮ್ಮ ಹಳೆಯ ನಾಟಕದ ಮೇಷ್ಟ್ರ ಮಗನಿಗೆ ದೂರವಾಣಿ ಮಾಡಿ ಕೇಳಿದ್ದಾರೆ, ಎರಡು ಊರುಗಳ ಹೆಸರು ಸಿಕ್ಕಿವೆ. ಅದಕ್ಕೂ ಮೊದಲು ನೀರುಗಂಟಿಯ ನಾಟಕಕ್ಕೆ ಭಾನುವಾರ, ಅಂದರೆ ಎರಡನೆಯ ಪ್ರದರ್ಶನಕ್ಕೆ ನಾವು ಮೂವರೂ ಬರುತ್ತೇವೆ. ಮಾವನವರ ತಂದೆ ಊರಿನ ಕೆರೆಗೆ ಕೆಲವು ಕಾಲ ನೀರುಗಂಟಿಯಾಗಿದ್ದರು. ತೂಬು ಎತ್ತುವಾಗ ಕೈ ಎಲ್ಲಿ ಹಿಡಿಯಬೇಕು, ಕಾಲು ಎಲ್ಲಿ ಊರಬೇಕು ಎಂದು ನಿಮ್ಮ ನಟರಿಗೆ ತಿಳಿದಿದೆಯೇ ಎಂದು ಅವರು ಕೇಳುತ್ತಿದ್ದಾರೆ. ಬೇಕಾದರೆ ನಾಟಕಕ್ಕೆ ಮೊದಲೇ ಒಂದು ದಿನ ತಾಲೀಮಿಗೆ ಬಂದು ತೋರಿಸಿಕೊಡುವುದಾಗಿಯೂ ಹೇಳಿದ್ದಾರೆ. ಮಕ್ಕಳ ವಿಷಯವನ್ನು ಮುಖ್ಯೋಪಾಧ್ಯಾಯರೊಡನೆ ಮಾತನಾಡಿದ್ದೇನೆ. ಮೂವತ್ತೆರಡು ಮಕ್ಕಳು, ಒಂದು ಬಸ್ಸು, ಇನ್ನಿಬ್ಬರು ಅಧ್ಯಾಪಕರು. ಮಧ್ಯಾಹ್ನ ಮೂರಕ್ಕೆ ಬಂದರೆ ಏಣಿ ಹತ್ತಿ ದೀಪ ಕಟ್ಟುವುದನ್ನು ನೋಡಲು ನಿಜವಾಗಿಯೂ ಅವಕಾಶ ಕೊಡುತ್ತೀರಾ?


ಉತ್ತರ: ಬೆಳಕಿನ ಕೆಲಸ ಮಾಡುವವಳು, ಮೈಸೂರು

ಖಂಡಿತವಾಗಿ ಕೊಡುತ್ತೇವೆ. ಆ ನಾಟಕಕ್ಕೆ ಬೆಳಕು ನನ್ನದೇ. ಮಕ್ಕಳು ಏಣಿಯಿಂದ ಹತ್ತು ಅಡಿ ದೂರದಲ್ಲಿ ನಿಂತರೆ ಸಾಕು. ಇಬ್ಬರನ್ನು ರಂಗದ ಮೇಲೆ ನಿಲ್ಲಿಸಿ ಅವರ ಮುಖದ ಮೇಲೆಯೇ ದೀಪ ಹೊಂದಿಸಿ ತೋರಿಸುತ್ತೇನೆ.


ಉತ್ತರ: ಕುವೆಂಪುನಗರದ ಹವ್ಯಾಸಿ ನಟ

ಮೇಡಂ, ನೀರುಗಂಟಿಯ ಪಾತ್ರ ನನ್ನದು. ತೂಬು ಎತ್ತುವುದನ್ನು ನಾನು ಇದುವರೆಗೆ ಕಣ್ಣಾರೆ ನೋಡಿಲ್ಲ, ಊಹೆಯಿಂದ ಮಾಡುತ್ತಿದ್ದೇನೆ. ಮಾವನವರು ದಯವಿಟ್ಟು ಬರಲಿ. ಬುಧವಾರ ಮತ್ತು ಶುಕ್ರವಾರ ಸಂಜೆ ಏಳಕ್ಕೆ ತಾಲೀಮು ಇರುತ್ತದೆ, ಅವರಿಗೆ ಸಂಜೆ ಕಷ್ಟವಾದರೆ ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಸೇರಿಸುತ್ತೇನೆ. ರೈಲು ನಿಲ್ದಾಣಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಯಾವ ರೈಲಿಗೆ ಹೊರಡುತ್ತಾರೆಂದು ತಿಳಿಸಿ.